ನಾಡಶ್ ಸೇತುವೆ

"ಕಾಲು ಹಿಡ್ಕೋ ಅಂದ್ರೆ ಬಿಗಿಯಾಗಿ ಹಿಡ್ಕೋಬೇಕು ಪಾಲಣ್ಣ. ಬೀಗರ ಕೈ ಹಿಡ್ದಂಗೆ ನಾಜೂಕಾಗಿ ಹಿಡ್ಕೊಂಡ್ರೆ ಕುರಿ ನಿನ್ ಮಾತು ಕೇಳುತ್ತಾ?" ಎಂದ ಗೆರ್ಗೆ, ಚಾಕುವನ್ನು ತೊಡೆಗೆ ಒರೆಸಿಕೊಳ್ಳುತ್ತ.

ಕುರಿ ಮತ್ತೊಮ್ಮೆ ಒದೆಯಿತು. ಪಾಲ್ ಕೆಸರಿನಲ್ಲಿ ಮಂಡಿಯೂರಿ ಕೂತು ಅದರ ಹಿಂಗಾಲನ್ನು ಬಲಗೈಯಲ್ಲಿ ಅದುಮಿ ಹಿಡಿದಿದ್ದ. ಅವನ ಎಡಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅದನ್ನು ಕುರಿಯ ಹೊಟ್ಟೆಯ ಮೇಲೆ ಸುಮ್ಮನೆ ಭಾರವಾಗಿ ಇಟ್ಟುಕೊಂಡಿದ್ದ. ಗೆರ್ಗೆ ಕೊಳೆತ ಗೊರಸನ್ನು ಕೆತ್ತಿ, ಕೀವು ಹಿಂಡಿ, ಮೈಲುತುತ್ತದ ನೀರು ಸುರಿದ.

"ಆ ಎಡಗೈ ಏನು, ಬರೀ ಅಂಗಿ ತೋಳು ತುಂಬಿಸೋಕೆ ಇಟ್ಕೊಂಡಿದೀಯಾ?"

"ಗುಂಡು ತಾಗಿತ್ತು."

"ಉಗ್ರಾಣದಲ್ಲಿ ಬೂಟು ಎಣಿಸೋನಿಗೂ ಗುಂಡು ತಾಗುತ್ತಾ? ಯಾರ್ ಹೊಡೆದ್ರು? ಬೂಟು ಸಿಗದೇ ಇದ್ದೋರಾ?"

ತನ್ನ ಮಾತಿಗೆ ತಾನೇ ನಕ್ಕು ಗೆರ್ಗೆ ಕುರಿಯನ್ನು ಬಿಟ್ಟ. ಅದು ಕುಂಟುತ್ತ ಓಡಿ ರೊಪ್ಪದ ಮೂಲೆಯಲ್ಲಿ ಮಂದೆಯೊಳಗೆ ಸೇರಿಕೊಂಡಿತು. ಪಾಲ್ ಎದ್ದು ಮುಂದಿನ ಕುರಿಯನ್ನು ಹಿಡಿಯಲು ಹೋದ.

ಬೇಸಿಗೆಯ ಕೊನೆಯಲ್ಲಿ, ಚಕ್ರವರ್ತಿಯ ವಿರುದ್ಧ ಎದ್ದಿದ್ದ ದೇಶದ ಸೇನೆ ಅವನ ನೆರವಿಗೆ ಬಂದ ರಷ್ಯನ್ನರ ಎದುರು ಬಂದೂಕು ಕೆಳಗಿಟ್ಟ ಮೇಲೆ, ಗೆರ್ಗೆಯ ಸೋದರಳಿಯ ಮಿಶ್ಕಾ ಇವನನ್ನು ಹುಲ್ಲಿನ ಗಾಡಿಯಲ್ಲಿ ಮಲಗಿಸಿ ಈ ಬಯಲಿನ ಹಟ್ಟಿಗೆ ತಂದು ಬಿಟ್ಟಿದ್ದ. ಹೆಸರು ಪಾಲ್, ಉಗ್ರಾಣದ ಕ್ಯಾಪ್ಟನ್, ಒಳ್ಳೆಯ ಮನುಷ್ಯ, ಚಳಿಗಾಲ ಕಳೆಯುವವರೆಗೆ ಇರಲಿ ಎಂದು ಮಿಶ್ಕಾ ಹೇಳಿದ್ದ. ಗೆರ್ಗೆ ಹೆಚ್ಚು ಕೇಳಲಿಲ್ಲ. ಬಯಲಿನ ಒಡೆಯನಾದ ದೊರೆಯ ಮಂದೆ ದೊಡ್ಡದು, ಹಟ್ಟಿಯಲ್ಲಿ ಕೈಗಳು ಕಡಿಮೆಯಾಗಿದ್ದವು. ಗೆರ್ಗೆಯ ಹೆಂಡತಿ ವೆರೊನ್ ಅವನನ್ನು ಬಾಗಿಲ ಬಳಿ ಕೂರಿಸಿ, ಉಣ್ಣೆ ಕತ್ತರಿಸುವ ಕತ್ತರಿಯಿಂದಲೇ ಅವನ ಮೀಸೆ ತೆಗೆದಳು. ಮೇಣ ಹಚ್ಚಿ ತಿರುವಿದ ಮೀಸೆ ಅದು. ಒಲೆಗೆ ಎಸೆದಾಗ ಚುರುಚುರು ಎಂದು ಉರಿಯಿತು.

ಅವನು ಉಗ್ರಾಣದವನಲ್ಲ. ಅವನ ಹೆಸರು ವರ್ಶಾನಿ ಲೋರಿಂತ್ಸ್. ಬಂದೂಕು ಕೆಳಗಿಟ್ಟ ದಿನದವರೆಗೂ ಅವನು ಜನರಲ್ ಆಗಿದ್ದ. ಒಂದು ಇಡೀ ಪಡೆ ಅವನ ಕೈಕೆಳಗಿತ್ತು. ಅವನ ದರ್ಜೆಯವರನ್ನು ಚಕ್ರವರ್ತಿಯ ಕಡೆಯವರು ಶರತ್ಕಾಲದಲ್ಲಿ ಒಂದು ಕೋಟೆಯ ಹೊರಗೆ ಒಬ್ಬೊಬ್ಬರನ್ನಾಗಿ ನೇಣಿಗೆ ಹಾಕಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಗಡಿ ದಾಟಿ ತುರ್ಕಿಗೆ ಹೋಗುವ ದಾರಿಗಳೆಲ್ಲ ಮುಚ್ಚಿದ್ದವು.

ಹಟ್ಟಿಗೆ ಬಂದು ಸ್ವಲ್ಪ ದಿನವಾದ ಮೇಲೆ ಅವನಿಗೆ ಒಂದು ವಿಷಯ ತಿಳಿಯಿತು. ಗೆರ್ಗೆಗೆ ಇಬ್ಬರು ಗಂಡುಮಕ್ಕಳಿದ್ದರು, ಆಂದ್ರಿಶ್ ಮತ್ತು ಬಾಲಿಂತ್. ಇಬ್ಬರೂ ಕಾಲಾಳು ಪಡೆ ಸೇರಿದ್ದರು. ಇಬ್ಬರೂ ವಸಂತದಲ್ಲಿ ನಾಡಶ್ ಸೇತುವೆಯ ಮೇಲೆ ಸತ್ತರು. ಇದನ್ನು ಹೇಳಿದವಳು ವೆರೊನ್. ಅಂಗಳದಲ್ಲಿ ಒಣಗಿಸಿದ್ದ ಎರಡು ತುಪ್ಪಳದ ಕೋಟುಗಳಲ್ಲಿ ಒಂದನ್ನು ಅವನಿಗೆ ಕೊಡುತ್ತ, "ಇದು ದೊಡ್ಡೋನದು. ತೋಳು ಉದ್ದ ಆದ್ರೆ ಮಡಿಚ್ಕೊಳ್ಳಿ," ಎಂದಿದ್ದಳು. ಅವನು ಕೋಟು ತೊಟ್ಟುಕೊಂಡ. ತೋಳು ಸರಿಯಾಗಿಯೇ ಇತ್ತು. ನಾಡಶ್ ಸೇತುವೆಯನ್ನು ಗೆದ್ದದ್ದಕ್ಕಾಗಿ ಸರ್ಕಾರ ಅವನ ಎದೆಗೆ ಪದಕ ಚುಚ್ಚಿತ್ತು.

ಅವತ್ತು ಗೊರಸಿನ ಕೆಲಸ ಮುಗಿದು, ಸೂರ್ಯ ಜೊಂಡಿನ ಹಿಂದೆ ಇಳಿಯುವ ಹೊತ್ತಿಗೆ ಮೂವರೂ ಕಡಾಯಿಯ ಸುತ್ತ ಕೂತರು. ಕುರಿಮಾಂಸದ ಸಾರು, ಒಣಗಿದ ಬ್ರೆಡ್ಡು. ಗೆರ್ಗೆ ಹಂದಿಕೊಬ್ಬಿನ ತುಂಡನ್ನು ಕಡ್ಡಿಗೆ ಸಿಕ್ಕಿಸಿ ಬೆಂಕಿಗೆ ಹಿಡಿದಿದ್ದ. ಹೊಟ್ಟೆ ಬೆಚ್ಚಗಾದರೆ ಅವನಿಗೆ ಮಾತು ಬರುತ್ತಿತ್ತು. ಮಾತು ಬಂದರೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ವೆರೊನಳಿಗೂ ಗೊತ್ತು, ಪಾಲ್‌ಗೂ ಗೊತ್ತು.

"ಕುಂಟ ಫೆರಿ ಹೇಳ್ದ, ಅವನೂ ಆ ಸೇತುವೆ ಮೇಲೆ ಇದ್ನಲ್ಲ, ಕಾಲು ಅಲ್ಲೇ ಬಿಟ್ಟು ಬಂದ. ಮಕ್ಕಳು ಒಂದ್ಸಲ ನುಗ್ಗಿದ್ರಂತೆ, ಆಗ್ಲಿಲ್ಲ. ಎರಡನೇ ಸಲ ನುಗ್ಗಿದ್ರಂತೆ, ಆಗ್ಲಿಲ್ಲ. ಮೂರನೇ ಸಲಕ್ಕೆ ಹೆಣದ ಮೇಲೆ ಕಾಲಿಟ್ಕೊಂಡೇ ಓಡಬೇಕಾಗಿತ್ತಂತೆ. ಜನರಲ್ ಸಾಹೇಬ್ರು ಎಲ್ಲಿದ್ರು ಗೊತ್ತಾ? ಗುಡ್ಡದ ಮೇಲೆ. ಹಿಪ್ಪುನೇರಳೆ ಮರದ ನೆರಳಲ್ಲಿ ಮೇಜು ಹಾಕಿಸ್ಕೊಂಡು ಬಾತುಕೋಳಿ ತಿಂತಿದ್ರಂತೆ."

"ಗುಡ್ಡದ ಮೇಲೆ ಮರ ಇರಲಿಲ್ಲ," ಎಂದ ಪಾಲ್.

ಅಂದಮೇಲೆ ಬಾಯಿ ತಪ್ಪಿದ್ದು ಅವನಿಗೇ ಗೊತ್ತಾಯಿತು. ಗೆರ್ಗೆ ಕೊಬ್ಬಿನಿಂದ ತೊಟ್ಟಿಕ್ಕುತ್ತಿದ್ದ ಎಣ್ಣೆಯನ್ನು ಬ್ರೆಡ್ಡಿನ ಮೇಲೆ ಹಿಡಿಯುವುದರಲ್ಲೇ ಮಗ್ನನಾಗಿದ್ದ.

"ನಿನಗೇನಪ್ಪ ಗೊತ್ತು. ನೀನು ಹಿಂದೆ ಎಲ್ಲೋ ಬೂಟು ಎಣಿಸ್ತಾ ಕೂತಿದ್ದೆ," ಎಂದ.

ವೆರೊನ್ ಸಾರು ಬಡಿಸುತ್ತಿದ್ದಳು. ಸೌಟು ಕಡಾಯಿಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅವಳು ಪಾಲ್‌ನ ಬಟ್ಟಲಿಗೂ ಎಲ್ಲರಿಗೆ ಹಾಕುವಷ್ಟೇ ಹಾಕಿದಳು.

ಮರುದಿನ ಬೆಳಿಗ್ಗೆ ಮಂಜು ಬಯಲಿನ ಮೇಲೆ ಉಣ್ಣೆಯ ಹಾಗೆ ಬಿದ್ದುಕೊಂಡಿತ್ತು. ಪಾಲ್ ಬಾವಿಯ ಏತವನ್ನು ಎಳೆದು, ಕುರಿಗಳು ಕುಡಿಯುವ ಮರದ ದೋಣಿಗೆ ನೀರು ತುಂಬುತ್ತಿದ್ದಾಗ ವೆರೊನ್ ಬಕೆಟ್ ಹಿಡಿದು ಬಂದಳು. ಗೆರ್ಗೆ ಮಂದೆಯನ್ನು ಹೊಡೆದುಕೊಂಡು ಆಗಲೇ ದೂರ ಹೋಗಿದ್ದ. ನಾಯಿಯ ಬೊಗಳು ಮಾತ್ರ ಕೇಳುತ್ತಿತ್ತು.

"ಗುಡ್ಡದ ಮೇಲೆ ಮರ ಇರ್ಲಿಲ್ಲ ಅಂದ್ರಲ್ಲ. ನೋಡಿದ್ರಾ?"

"ನೋಡಿದೀನಿ."

"ಉಗ್ರಾಣದೋರು ಗುಡ್ಡ ಹತ್ತುತಾರಾ?"

ಅವನು ಏತದ ಗಳುವನ್ನು ಹಿಡಿದುಕೊಂಡೇ ನಿಂತ. ಅವಳು ಬಕೆಟ್ ಕೆಳಗಿಟ್ಟಳು.

"ಮೂರನೇ ಸಲಕ್ಕೆ ನನ್ ಮಕ್ಕಳು ಹೋಗಿದ್ದು. ಅಷ್ಟೊತ್ತಿಗಾಗ್ಲೇ ಆ ಕಡೆಯೋರು ಹೊರಡೋಕೆ ಗಾಡಿ ಕಟ್ತಾ ಇದ್ರಂತೆ. ಫೆರಿ ಹೇಳ್ತಾನೆ. ಇವರು ನಂಬಲ್ಲ, ಕುಡಿದು ಮಾತಾಡ್ತಾನೆ ಅಂತಾರೆ. ನಿಜಾನಾ?"

"ನಿಜ."

"ನಿಮಗೆ ಗೊತ್ತಿತ್ತಾ?"

"ಆಗ ಗೊತ್ತಿರಲಿಲ್ಲ. ಸುದ್ದಿ ತರೋಕೆ ಒಬ್ಬ ಸವಾರನ್ನ ಕಳಿಸಿದ್ದೆ. ಅವನು ಬರೋವರೆಗೂ ಕಾಯಲಿಲ್ಲ."

"ಕಾದಿದ್ರೆ?"

"ಕಾದಿದ್ರೆ ಸೇತುವೆ ತಾನಾಗೇ ಸಿಕ್ತಿತ್ತು."

"ತುಂಬಾ ಹೊತ್ತು ಕಾಯ್ಬೇಕಿತ್ತಾ?"

"ಇಲ್ಲ," ಎಂದ ಅವನು. "ತುಂಬಾ ಹೊತ್ತೇನಿಲ್ಲ."

ವೆರೊನ್ ಬಕೆಟ್ಟಿನೊಳಗೆ ನೋಡುತ್ತ ನಿಂತಳು. ಅದರಲ್ಲಿ ಇನ್ನೂ ನೀರಿರಲಿಲ್ಲ. ಅವನು ಏತ ಬಗ್ಗಿಸಿ ತುಂಬಿಸಿಕೊಟ್ಟ. ಅವಳು ಎತ್ತಿಕೊಂಡು ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ ಹೇಳಿದಳು: "ಇವರಿಗೆ ಹೇಳ್ಬೇಡಿ. ಕೊಡಲಿ ಎತ್ತಿಬಿಡ್ತಾರೆ. ಆಮೇಲೆ ಇವರನ್ನೂ ಕರ್ಕೊಂಡು ಹೋಗ್ತಾರೆ. ನನಗೆ ಇವರೂ ಇರಲ್ಲ."

ಆಮೇಲೆ ಅವಳು ಅವನೊಂದಿಗೆ ಮಾತಾಡುವುದನ್ನು ಬಿಟ್ಟಳು. ಬಟ್ಟಲು ಇಡುತ್ತಿದ್ದಳು, ಹರಿದ ಕಾಲುಚೀಲ ಹೊಲಿದು ಅವನ ಹಾಸಿಗೆಯ ಮೇಲೆ ಎಸೆಯುತ್ತಿದ್ದಳು. ಗೆರ್ಗೆಗೆ ಇದೇನೂ ಕಾಣಲಿಲ್ಲ. ಅವನು ಪಾಲ್‌ಗೆ ಸೀಟಿ ಹೊಡೆದು ನಾಯಿ ತಿರುಗಿಸುವುದನ್ನು ಕಲಿಸುತ್ತಿದ್ದ. ಪಾಲ್‌ನ ಸೀಟಿಗೆ ನಾಯಿ ತಿರುಗುವ ಬದಲು ಮಲಗಿಬಿಡುತ್ತಿತ್ತು. "ಇಂಥ ಸೇನೆ ಇಟ್ಕೊಂಡು ನೀವು ಚಕ್ರವರ್ತಿ ಮೇಲೆ ಹೋದ್ರಾ?" ಎಂದು ಗೆರ್ಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಹಿಮ ಮೊದಲ ಸಲ ಬಿದ್ದು ಕರಗಿದ ಮೇಲೆ ಪೊಲೀಸರು ಬಂದರು. ನಾಲ್ಕು ಕುದುರೆಗಳು, ಮುಂದೆ ಒಬ್ಬ ಬೊಹೀಮಿಯಾದ ದಫೇದಾರ. ಈ ನಾಡಿನ ಮಾತು ಅವನಿಗೆ ಅರ್ಧಂಬರ್ಧ ಬರುತ್ತಿತ್ತು. ಕುದುರೆಯಿಂದ ಇಳಿಯುತ್ತಲೇ ಕೈಗವಸು ತೆಗೆದು, ಚಳಿಗೆ ಕೈ ಉಜ್ಜಿಕೊಂಡ. ಪಾಲ್ ರೊಪ್ಪದ ಬಾಗಿಲಲ್ಲಿ ಗೊಬ್ಬರ ಎತ್ತುತ್ತಿದ್ದ. ಟೋಪಿ ತೆಗೆದು ತಲೆ ತಗ್ಗಿಸಿ ನಿಂತ.

"ಕುರುಬ ಗೆರ್ಗೆ ಅಂದರೆ ನೀನು? ನಿನ್ನ ಅಳಿಯ ಮಿಶ್ಕಾ ನಮ್ಮ ಹತ್ತಿರ ಇದೆ," ಎಂದ ದಫೇದಾರ.

"ಇದಾನೆ ಅನ್ನಿ. ಅವನೇನು ಕುರಿ ಅಲ್ಲ," ಎಂದ ಗೆರ್ಗೆ.

"ಅವನು ಈಗ ಇಟಲಿಗೆ ಹೋಗುತ್ತದೆ, ನಮ್ಮ ಚಕ್ರವರ್ತಿಯ ಸಿಪಾಯಿ ಆಗಿ. ಒಳ್ಳೆಯದು. ಆದರೆ ಅವನು ಒಂದು ದೊಡ್ಡ ಮನುಷ್ಯನನ್ನು ಗಾಡಿಯಲ್ಲಿ ತಂದಿತು. ಈ ಬಯಲಿಗೆ. ಜನ ನೋಡಿತು. ವರ್ಶಾನಿ ಲೋರಿಂತ್ಸ್. ಜನರಲ್. ನಾಡಶ್ ಸೇತುವೆಯಲ್ಲಿ ಗೆದ್ದದ್ದು ಅವನು. ಎಡಗೈ ಮೇಲೆ ಎತ್ತಲು ಬರುವುದಿಲ್ಲ. ಯಾವ ಮನೆ ಅವನಿಗೆ ಬ್ರೆಡ್ಡು ಕೊಟ್ಟಿತೋ ಆ ಮನೆಗೂ ಹಗ್ಗ. ಅವನು ಎಲ್ಲಿ ಎಂದು ಹೇಳಿದರೆ ಹಗ್ಗ ಇಲ್ಲ. ಅರ್ಥ ಆಗುತ್ತದಾ?"

ಗೆರ್ಗೆ ಪಾಲ್‌ನ ಕಡೆ ನೋಡಲಿಲ್ಲ. ಅವನು ದಫೇದಾರನ ಮುಖವನ್ನೇ ನೋಡುತ್ತ ನಿಂತ. ಮೆಲ್ಲಗೆ ಬಗ್ಗಿ, ನೆಲದ ಮೇಲಿದ್ದ ತನ್ನ ಕೋಲನ್ನು ಎತ್ತಿಕೊಂಡ. ಹಿಡಿದುಕೊಳ್ಳಲು ಕೈಗೆ ಏನಾದರೂ ಬೇಕು ಎಂಬಂತೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಾಡಶ್ ಸೇತುವೇಲಿ ಗೆದ್ದೋನು," ಎಂದ.

"ಹೌದು. ಅವನು."

"ಅಂಥೋರು ನಮ್ಮಂಥ ಕುರಿಹಟ್ಟಿಗೆ ಯಾಕೆ ಬರ್ತಾರೆ ಸ್ವಾಮಿ. ಇಲ್ಲಿ ಯಾರೂ ಇಲ್ಲ."

ದಫೇದಾರ ತಲೆಯಾಡಿಸಿದ. ಅವನಿಗೆ ಬೇಸರವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇದೇ ಕೆಲಸ ಆ ವಾರ ಬೇರೆ ಹಟ್ಟಿಗಳಲ್ಲೂ ಮಾಡಿ ಬಂದಿದ್ದ. ಇಬ್ಬರು ಪೊಲೀಸರು ಹಾಲು ಕರೆಯುವಾಗ ಕೂರುವ ಉದ್ದ ಬೆಂಚನ್ನು ಅಂಗಳಕ್ಕೆ ಎಳೆದು, ಗೆರ್ಗೆಯ ಕೋಟು ಬಿಚ್ಚಿಸಿ, ಅವನನ್ನು ಬೋರಲು ಮಲಗಿಸಿ ಕಟ್ಟಿದರು. ಮೂರನೆಯವನು ಕೋಲು ತಂದ. ಮೊದಲ ಏಟಿಗೆ ಗೆರ್ಗೆಯ ಬಾಯಿಂದ ಗಾಳಿ ಮಾತ್ರ ಬಂತು.

ಪಾಲ್‌ನ ಕೈಯಲ್ಲಿದ್ದ ಸಲಿಕೆ ಕೆಳಗೆ ಬಿತ್ತು. ಅವನು ಒಂದು ಹೆಜ್ಜೆ ಮುಂದಿಟ್ಟ, ಇನ್ನೊಂದು ಇಟ್ಟ. ಬಾಯಿ ತೆರೆದಿದ್ದ. ಅಷ್ಟರಲ್ಲಿ ವೆರೊನ್ ಎಲ್ಲಿಂದಲೋ ಬಂದು ಅವನ ಎದುರು ನಿಂತಳು. ಅವಳ ಕೈ ಮೇಲೆದ್ದು ಅವನ ಕೆನ್ನೆಗೆ ಬಡಿಯಿತು. ತುಟಿ ಒಡೆಯಿತು.

"ಏಯ್ ದಡ್ಡ ಮುಂಡೇದೇ, ಬಾಯಿ ಬಿಟ್ಕೊಂಡು ಏನ್ ನೋಡ್ತಾ ನಿಂತಿದೀಯ? ಕುರಿ ಜೊಂಡಿನ ಕೆಸರಿಗೆ ಇಳೀತಾ ಇದಾವೆ, ಕಣ್ಣು ಹೋಗಿದೆಯಾ ನಿನಗೆ? ಮುಳುಗಿದ್ರೆ ನಿಮ್ಮಪ್ಪ ಬಂದು ಎತ್ತುತಾನಾ?"

ಇನ್ನೊಂದು ಕೆನ್ನೆಗೂ ಹೊಡೆದಳು. ಮತ್ತೂ ಹೊಡೆದಳು. ಅವಳ ಕಣ್ಣಿನಲ್ಲಿ ನಟನೆ ಇರಲಿಲ್ಲ. ಪೊಲೀಸರಲ್ಲೊಬ್ಬ ನಕ್ಕ. ದಫೇದಾರನೂ ಸಣ್ಣಗೆ ನಕ್ಕು, "ಹೆಂಗಸು ಗಟ್ಟಿ," ಎಂದ. ವೆರೊನ್ ಪಾಲ್‌ನ ಬಲತೋಳು ಹಿಡಿದು ರೊಪ್ಪದ ಆಚೆಗೆ ನೂಕಿದಳು.

ಅವನು ಹೋದ.

ನಾಯಿ ಅವನ ಹಿಂದೆ ಬಂತು. ಕುರಿಗಳು ಜೊಂಡಿನ ಕಡೆಗೆ ನಿಜವಾಗಿಯೂ ಇಳಿಯುತ್ತಿದ್ದವು. ಅವನು ಮುಂದೆ ಮುಂದೆ ನಡೆದ. ಹಿಂದಿನಿಂದ ಕೋಲಿನ ಸದ್ದು ಕೇಳುತ್ತಲೇ ಇತ್ತು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ. ತಿರುಗಿ ಹೋಗಿ ನಾನೇ ಅಂದರೆ ಏಟು ನಿಲ್ಲುತ್ತದೆ, ಆದರೆ ಗೆರ್ಗೆಗೂ ವೆರೊನಳಿಗೂ ಹಗ್ಗ ಬೀಳುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದು ನಿಜವೇ. ಅದು ನಿಜವಾದದ್ದರಿಂದಲೇ ತಾನು ನಡೆಯುತ್ತಿದ್ದೇನೆಯೇ ಎಂದು ಅವನು ಆಗಲೂ ಕೇಳಿಕೊಂಡ, ಆಮೇಲೆ ಬಹಳ ಕಾಲವೂ ಕೇಳಿಕೊಂಡ. ಜೊಂಡಿನ ಹತ್ತಿರ ಅವನು ಸೀಟಿ ಹೊಡೆದ. ಒಡೆದ ತುಟಿಯಿಂದ ಗಾಳಿ ಸೋರಿ ಸದ್ದೇ ಬರಲಿಲ್ಲ. ನಾಯಿ ತಾನಾಗಿಯೇ ಓಡಿ ಕುರಿಗಳನ್ನು ತಿರುಗಿಸಿತು.

ಅವನು ಹಿಂದಿರುಗುವ ಹೊತ್ತಿಗೆ ಕುದುರೆಗಳು ಹೋಗಿದ್ದವು. ಗೆರ್ಗೆಯನ್ನು ವೆರೊನ್ ಒಬ್ಬಳೇ ಒಳಗೆ ಎಳೆದುಕೊಂಡು ಹೋಗಿದ್ದಳು. ಅಂಗಳದ ತುಂಬ ಅವನ ಹಿಮ್ಮಡಿ ಎಳೆದ ಗುರುತಿತ್ತು.

ಬೆನ್ನಿನ ಗಾಯ ಒಣಗಲಿಲ್ಲ. ವೆರೊನ್ ಕುರಿಕೊಬ್ಬು ಕಾಯಿಸಿ ಹಚ್ಚಿದಳು, ಎಲೆಕೋಸಿನ ಎಲೆ ಕಟ್ಟಿದಳು. ಜ್ವರ ಹತ್ತಿತು. ಒಳಗೆ ಎಲ್ಲೋ ಏನೋ ಒಡೆದಿತ್ತು, ಉಚ್ಚೆಯಲ್ಲಿ ರಕ್ತ ಬರುತ್ತಿತ್ತು. ಹಳ್ಳಿಯಿಂದ ಬಂದ, ಗಾಯಕ್ಕೆ ಮದ್ದೂ ಮಾಡುವ ಕ್ಷೌರಿಕ ನೋಡಿ, ಪಾದ್ರಿಯನ್ನು ಕರೆಸಿ ಎಂದು ಹೇಳಿಹೋದ.

ಒಂದು ಬೆಳಿಗ್ಗೆ ವೆರೊನ್ ಹಾಲು ಕರೆಯಲು ಹೋಗಿದ್ದಾಗ ಗೆರ್ಗೆ ಕಣ್ಣು ಬಿಟ್ಟ. ಪಾಲ್ ಒಲೆಗೆ ಜೊಂಡು ತುಂಬುತ್ತಿದ್ದ.

"ಪಾಲಣ್ಣ. ಈಗ ನಿನ್ನ ಏನಂತ ಕರೀಬೇಕು? ಸಾಹೇಬ್ರೇ ಅನ್ನಲಾ?"

"ಪಾಲ್ ಅಂತಲೇ ಕರಿ."

"ಬಾ ಇಲ್ಲಿ. ಕೂತ್ಕೋ. ನನ್ನ ಹುಡುಗರಲ್ಲಿ ಮೊದಲು ಬಿದ್ದೋನು ಯಾರು?"

ಪಾಲ್ ಹಾಸಿಗೆಯ ಪಕ್ಕದ ಮಣೆಯ ಮೇಲೆ ಕೂತ. "ಗೊತ್ತಿಲ್ಲ," ಎಂದ. "ಗುಡ್ಡದ ಮೇಲಿಂದ ಮುಖ ಕಾಣಲ್ಲ."

"ಸುಳ್ಳಾದ್ರೂ ಹೇಳಬಹುದಿತ್ತಲ್ಲ. ಇಬ್ರೂ ಒಟ್ಟಿಗೆ ಬಿದ್ರು ಅಂತ. ನಿನ್ ಗಂಟೇನ್ ಹೋಗ್ತಿತ್ತು?"

ಪಾಲ್ ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದ: "ನೀನು ಅವರಿಗೆ ಯಾಕೆ ಹೇಳಲಿಲ್ಲ?"

ಗೆರ್ಗೆ ನಗಲು ಹೋದ. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

"ನಿನಗೋಸ್ಕರ ಅಂದ್ಕೊಂಡ್ಯಾ? ಆ ಬೋಳಿಮಗ ನನ್ನ ಹಟ್ಟಿಗೆ ಬಂದು ಕೇಳಿದ್ರೆ ಕಜ್ಜಿನಾಯೀನೂ ಕೊಡ್ತಿರ್ಲಿಲ್ಲ ನಾನು." ಉಸಿರು ಕೂಡಿಸಿಕೊಂಡು ಮತ್ತೆ ಹೇಳಿದ: "ಅವತ್ತು ಕಟ್ಟು ಬಿಚ್ಚಿದ್ ಮೇಲೆ ಕೈಲಾಗಿದ್ರೆ ಮೊದಲು ನಿನ್ನ ಕೊಂದು, ಆಮೇಲೆ ಅವರ ಹತ್ರ ಹೋಗ್ತಿದ್ದೆ. ಎದ್ದೇಳೋಕೆ ಆಗ್ಲಿಲ್ಲ. ಅಷ್ಟೆ."

ಮತ್ತೆ ಅವನು ಮಾತಾಡಲಿಲ್ಲ. ನಾಲ್ಕಾರು ದಿನ ಹಾಗೇ ಇದ್ದು ಹೋದ. ನೆಲ ಹೆಪ್ಪುಗಟ್ಟಿತ್ತು. ಗುಂಡಿ ತೋಡುವ ಜಾಗದಲ್ಲಿ ಬೆಂಕಿ ಹಾಕಿ ಮಣ್ಣು ಮೆತ್ತಗೆ ಮಾಡಬೇಕಾಯಿತು. ಪಾದ್ರಿ ಪ್ರಾರ್ಥನೆ ಹೇಳುವಾಗ ಪಾಲ್ ಸುತ್ತಮುತ್ತಲ ಹಟ್ಟಿಗಳ ಕೂಲಿಯಾಳುಗಳ ಜೊತೆ ಹಿಂದೆ ನಿಂತಿದ್ದ. ಕುಂಟ ಫೆರಿ ಅವನ ಪಕ್ಕದಲ್ಲೇ ಊರುಗೋಲಿನ ಮೇಲೆ ಭಾರ ಹಾಕಿ ನಿಂತು, "ನಿಮ್ಮ ಯಜಮಾನ ಒಳ್ಳೆಯೋನಪ್ಪ, ಬಾಯಿ ಮಾತ್ರ ಸ್ವಲ್ಪ ಜೋರು," ಎಂದ. ಫೆರಿಗೆ ಜನರಲ್‌ನ ಗುರುತು ಸಿಗಲಿಲ್ಲ.

ಮಣ್ಣು ಮಾಡಿದ ಮರುದಿನ ಪಾಲ್ ಮುಖ ತೊಳೆದು, ಆಂದ್ರಿಶ್‌ನ ಕೋಟನ್ನು ಮಡಿಸಿ ಹಾಸಿಗೆಯ ಮೇಲಿಟ್ಟು, ತಾನು ಬಂದಾಗ ತೊಟ್ಟಿದ್ದ ತೆಳು ಅಂಗಿಯಲ್ಲೇ ಹೊರಗೆ ಬಂದ. ವೆರೊನ್ ರೊಪ್ಪದ ಬಾಗಿಲಲ್ಲಿ ಒಂದು ಗಬ್ಬದ ಕುರಿಯ ಕೆಚ್ಚಲು ಮುಟ್ಟಿ ನೋಡುತ್ತಿದ್ದಳು.

"ಎಲ್ಲಿಗೆ?"

"ಊರಿಗೆ. ಠಾಣೆಗೆ. ನಿಮ್ಮ ಹೆಸರು ಹೇಳಲ್ಲ. ದಾರೀಲಿ ಸಿಕ್ಕೆ ಅಂತೀನಿ."

"ನೇಣು ಹಾಕಿಸ್ಕೊಳ್ಳೋಕೆ."

"ಹೂಂ."

ಅವಳು ಎದ್ದು ನಿಂತಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ನಿನಗೆ ಆರಾಮಾಗುತ್ತೆ ಅಲ್ವಾ," ಎಂದಳು. ಹೊಡೆದ ದಿನದಿಂದ ಅವಳು ಅವನಿಗೆ 'ನೀವು' ಎಂದಿರಲಿಲ್ಲ. "ಹಗ್ಗ ಕುತ್ತಿಗೆಗೆ ಬಿದ್ರೆ ಮುಗೀತು. ಊರವರೆಲ್ಲ ಟೋಪಿ ತೆಗೀತಾರೆ, ಹಾಡು ಕಟ್ತಾರೆ. ಇಲ್ಲಿ ಮರಿ ಹಾಕೋ ಕಾಲ ಬಂತು. ದೊರೆ ಪಾರುಪತ್ಯಗಾರ ಬಂದು ಹಟ್ಟೀಲಿ ಗಂಡಾಳಿಲ್ಲ ಅಂತ ಕಂಡ್ರೆ ನನ್ನ ಈ ಹಿಮಕ್ಕೆ ನೂಕ್ತಾನೆ. ಮೂರು ಗಂಡಸರಿದ್ರು ಈ ಮನೇಲಿ. ಮೂವರಿಗೂ ಏನಾಯ್ತು?"

ಅವನು ಅಂಗಳದ ಆಚೆಯ ದಾರಿಯನ್ನೊಮ್ಮೆ ನೋಡಿದ.

"ಹೋಗು, ಕೋಟು ಹಾಕ್ಕೋ. ಆ ಮೂಲೇಲಿರೋ ಕುರಿಗೆ ಇವತ್ತೇ ನೋವು ಬರುತ್ತೆ. ಕೈಗೆ ಕೊಬ್ಬು ಹಚ್ಕೊಂಡು ಬಾ."

ಅವನು ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದ. ಆ ಮಾತಿಗೆ ಅವನು ಆ ಹಟ್ಟಿಯಲ್ಲಿ ಏಳು ವರ್ಷ ಉಳಿದ. ಪಾರುಪತ್ಯಗಾರ ಬಂದು ಯಾರಿವನು ಎಂದಾಗ ವೆರೊನ್, "ನಮ್ಮ ಆಳು. ಸ್ವಲ್ಪ ಮಂಕು, ಆದ್ರೆ ಕುರಿಗೆ ಒಗ್ಗಿದಾನೆ," ಎಂದಳು. ಕೊನೆಗೆ ಚಕ್ರವರ್ತಿ ಕ್ಷಮಾದಾನ ಸಾರಿದಾಗ ಸುದ್ದಿ ತಂದವನೂ ಪಾರುಪತ್ಯಗಾರನೇ. ಆದರೆ ಅದು ತಮಗೆ ಸಂಬಂಧಿಸಿದ್ದು ಎಂದು ಇಬ್ಬರೂ ತೋರಿಸಿಕೊಳ್ಳಲಿಲ್ಲ.

ಆ ಮೊದಲ ಚಳಿಗಾಲದಲ್ಲಿ ಮರಿಗಳು ಬಹಳ ಸತ್ತವು, ಬಹಳ ಉಳಿದವೂ ಕೂಡ. ಹುಲ್ಲು ಹಸಿರಾಗಿ, ಕೊಕ್ಕರೆಗಳು ಛಾವಣಿಗೆ ಮರಳಿದ ಮೇಲೆ, ವೆರೊನ್ ಪಕ್ಕದ ಹಟ್ಟಿಯವನಿಗೆ ಮಂದೆ ಒಪ್ಪಿಸಿ, ಕತ್ತೆಯ ಮೇಲೆ ಬ್ರೆಡ್ಡು, ಈರುಳ್ಳಿ, ಕಂಬಳಿ ಹೇರಿದಳು. ಎಲ್ಲಿಗೆಂದು ಅವನು ಕೇಳಲಿಲ್ಲ. ಕತ್ತೆಯ ಹಗ್ಗ ಹಿಡಿದು ಮುಂದೆ ನಡೆದ. ದಾರಿ ಅವನಿಗೆ ಗೊತ್ತಿತ್ತು.

ಗುಡ್ಡದ ಮೇಲೆ ನಿಂತಾಗ ಹೊಳೆ ಬಿಸಿಲಿಗೆ ತೆಳ್ಳಗೆ ಹೊಳೆಯುತ್ತಿತ್ತು. ಆಚೆ ದಡದ ಬಯಲಿನಲ್ಲಿ ಯಾರೋ ಉಳುಮೆ ಮಾಡುತ್ತಿದ್ದರು. ವೆರೊನ್ ಸುತ್ತ ನೋಡಿದಳು. ಗುಡ್ಡ ಬೋಳಾಗಿತ್ತು. ಮರ ಇರಲಿಲ್ಲ. ಕೂರಲು ಒಂದು ಕಲ್ಲೂ ಇರಲಿಲ್ಲ.

"ಮೊದಲು ಆ ವಿಲೋ ಮರಗಳ ಹಿಂದೆ ಸಾಲಾಗಿ ನಿಂತಿದ್ರು," ಎಂದು ಅವನು ಬಲಗೈ ಚಾಚಿದ. "ಆಮೇಲೆ ಅಲ್ಲಿ..."

"ಇಲ್ಲಿಂದ ಬೇಡ," ಎಂದಳು ವೆರೊನ್. "ಕೆಳಗೆ ನಡಿ."

ಇಳಿದರು. ಸೇತುವೆಯನ್ನು ಆಗಲೇ ಸರಿಮಾಡಿದ್ದರು. ಕಪ್ಪಾದ ಹಳೆಯ ಹಲಗೆಗಳ ನಡುನಡುವೆ ಹೊಸ ಹಲಗೆಗಳು ಬೆಳ್ಳಗೆ ಕಾಣುತ್ತಿದ್ದವು. ಕೆಲವು ಕಡೆ ಪಕ್ಕದ ಕಟಕಟೆಗೆ ತಗುಲಿದ್ದ ಗುಂಡಿನ ತೂತುಗಳು ಹಾಗೇ ಇದ್ದವು. ವೆರೊನ್ ನಿಲ್ಲಲಿಲ್ಲ. ಹೆಗಲ ಶಾಲು ಬಿಗಿದುಕೊಂಡು, ಸಂತೆಗೆ ಹೊರಟವಳ ಹಾಗೆ ನೇರವಾಗಿ ನಡೆದು ಆಚೆ ದಡ ಸೇರಿದಳು. ಅಲ್ಲಿ ಹುಲ್ಲಿನ ಮೇಲೆ ಅವನಿಗೆ ಬೆನ್ನು ಮಾಡಿ ಕೂತಳು. ಉಳುವವನ ಎತ್ತುಗಳು ಹೊಲದ ತುದಿಯವರೆಗೆ ಬಂದು ತಿರುಗಿಕೊಂಡು ಹೋದವು.

ಅವನು ಈಚೆ ದಡದಲ್ಲಿ ಕಾದ. ಅವಳು ಕರೆಯಲಿಲ್ಲ. ಹಗ್ಗ ಎಳೆದು ಸೇತುವೆಗೆ ಕಾಲಿಟ್ಟಾಗ ಕತ್ತೆ ಮೊದಲ ಬಿಳಿ ಹಲಗೆಯ ಹತ್ತಿರ ನಿಂತುಬಿಟ್ಟಿತು. ಹಲಗೆಗಳ ಸಂದಿನಲ್ಲಿ ಕೆಳಗೆ ನೀರು ಹರಿಯುವುದು ಅದಕ್ಕೆ ಕಾಣುತ್ತಿತ್ತು. ಎಳೆದರೂ ಬರಲಿಲ್ಲ, ಪುಸಲಾಯಿಸಿದರೂ ಬರಲಿಲ್ಲ. ಅವನು ಕೋಟು ಬಿಚ್ಚಿ ಅದರ ತಲೆಯ ಮೇಲೆ ಹಾಕಿ ಕಣ್ಣು ಮುಚ್ಚಿದ. ಅದರ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದ. ಆಮೇಲೆ ಪ್ರತಿ ಹಲಗೆಯನ್ನೂ ಮೊದಲು ತನ್ನ ಕಾಲಿನಿಂದ ಒತ್ತಿ ನೋಡಿ, ಗಟ್ಟಿಯಿದೆ ಎಂದು ಗೊತ್ತಾದ ಮೇಲೆಯೇ ಹಗ್ಗ ಎಳೆಯುತ್ತ, ಒಂದೊಂದೇ ಹೆಜ್ಜೆಯಾಗಿ ಅದನ್ನು ಆಚೆಗೆ ನಡೆಸಿಕೊಂಡು ಹೋದ.